ಹೊಲ ಕಾಯುವುದು, ಬಸ್ಸಿಗೆ ಕಾಯುವುದು

ತಾಳವಾಡಿ ಬೆಟ್ಟದ ಊರುಗಳಲ್ಲಿ ರಾಗಿ, ಮುಸುಕಿನ ಜೋಳ ತೆನೆಗೆ ಬಂದವೆಂದರೆ ರಾತ್ರಿಯ ನಿದ್ದೆ ಹೋಯಿತೆಂದೇ ಲೆಕ್ಕ. ಆನೆ ಬರುತ್ತದೆ, ಹಂದಿ ಬರುತ್ತದೆ; ಅಟ್ಟಣೆ ಹತ್ತಿ ಹೊಲ ಕಾಯಬೇಕು. ಬೆಳಗಾದ ಮೇಲೆ ಅದೇ ಮನೆಯ ಹುಡುಗ ರಸ್ತೆ ಬದಿಯಲ್ಲಿ ನಿಂತು ಬಸ್ಸಿಗೆ ಕಾಯುತ್ತಾನೆ. ಎರಡೂ ಕಾಯುವುದೇ. ಆದರೆ ‘ಹೊಲ ಕಾದೆ’ ಎಂದರೆ ಒಂದು, ‘ಬಸ್ಸಿಗೆ ಕಾದೆ’ ಎಂದರೆ ಇನ್ನೊಂದು. ಹೊಲಕ್ಕೆ ಕಾದೆ ಎಂದು ಯಾವ ಮಗುವೂ ಬಾಯಿತಪ್ಪಿ ಹೇಳುವುದಿಲ್ಲ. ಬಸ್ಸನ್ನು ಕಾದೆ ಎಂದರೆ, ಬಸ್ಸು ಕದಿಯಲು ಯಾರು ಬಂದಿದ್ದರು ಎಂದು ಪಕ್ಕದವನು ಕೇಳಿಯಾನು. (ಪ್ರೇಮಗೀತೆಗಳಲ್ಲಿ ‘ನಿನ್ನನ್ನೇ ಕಾದೆ’ ಎನ್ನುವುದುಂಟು, ಪ್ರೇಮಿಗಳಿಗೆ ವ್ಯಾಕರಣದ ವಿನಾಯಿತಿ ಇದೆ.)

ಇದೇ ಹುಡುಗ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ‘ಐ ವೇಟೆಡ್ ದ ಬಸ್’ ಎಂದು ಬರೆದರೆ ಕೆಂಪು ಶಾಯಿ ಬೀಳುತ್ತದೆ. ‘ವೇಟ್ ಆದ ಮೇಲೆ ಫಾರ್ ಬರಬೇಕು’ ಎಂದು ಮೇಷ್ಟರು ಹೇಳುತ್ತಾರೆ. ಯಾಕೆ ಬರಬೇಕು ಎಂದು ಅವನು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. ‘ಬಸ್ಸಿಗೆ’ ಎಂಬಲ್ಲಿ ನೀನು ಹಾಕುವ ‘ಗೆ’ ಮಾಡುವ ಕೆಲಸವನ್ನೇ ಅಲ್ಲಿ ‘ಫಾರ್’ ಮಾಡುತ್ತದೆ, ಅದನ್ನು ಯಾಕೆ ಬಿಟ್ಟೆ ಎಂದು ಕೇಳಿದ್ದರೆ ಸಾಕಿತ್ತು. ಇಂಗ್ಲಿಷಿನ ಕ್ರಿಯಾಪದವೂ ಪ್ರಿಪೊಸಿಷನ್ನೂ ಜೊತೆಯಾಗುವ ಬಗೆ ನಮ್ಮ ಮಕ್ಕಳಿಗೆ ಕಷ್ಟ ಎಂಬ ದೂರು ಹಳೆಯದು. ನನ್ನ ಮಟ್ಟಿಗೆ ಆ ಕಷ್ಟದಲ್ಲಿ ಅರ್ಧದಷ್ಟು ಇಂಗ್ಲಿಷಿನದ್ದು. ಉಳಿದರ್ಧ, ಮಕ್ಕಳಿಗೆ ಆಗಲೇ ಗೊತ್ತಿರುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ನಮ್ಮ ಪಾಠದ್ದು.

ಈ ಮಾತಿಗೆ ತಾಳವಾಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಈರೋಡು ಜಿಲ್ಲೆಯ ಈ ತಾಲ್ಲೂಕು ತಮಿಳುನಾಡಿನಲ್ಲಿದೆ, ಮನೆಮಾತು ಹೆಚ್ಚಾಗಿ ಕನ್ನಡ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ದಾಟಿ, ಸತ್ಯಮಂಗಲದ ಮೇಲೆ ಹೋಗಬೇಕು. ಚಾಮರಾಜನಗರವೋ ಮಗ್ಗುಲಲ್ಲೇ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೆ ಸಗಣಿ ಎರಚಾಡುವ ಗೋರೆ ಹಬ್ಬ ನಡೆಯುತ್ತದೆ. ದೊಡ್ಡಗಾಜನೂರು ರಾಜ್‌ಕುಮಾರ್ ಅವರ ಊರು. 2000ದ ಜುಲೈ 30ರಂದು ಅವರನ್ನು ವೀರಪ್ಪನ್ ಅಪಹರಿಸಿದ್ದೂ ಅಲ್ಲಿಂದಲೇ. ಓದು ಎಳೆಯ ವಯಸ್ಸಿನಲ್ಲೇ ನಿಂತುಹೋಗಿದ್ದ ಆ ನಟ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಒಂದು ಇಂಗ್ಲಿಷ್ ಹಾಡನ್ನೇ ಹಾಡಿ ಕನ್ನಡ ನಾಡಿನ ಬಾಯಲ್ಲೆಲ್ಲ ಕುಣಿಸಿದರು. ಆ ಹಾಡು ಎತ್ತಿಕೊಳ್ಳುವುದೇ ‘ಕಮ್’ ಎಂಬ ಅತಿ ಸಾಮಾನ್ಯ ಕ್ರಿಯಾಪದದ ಮೇಲೆ. ಹಿಂದೆಮುಂದೆ ಪ್ರಿಪೊಸಿಷನ್ನುಗಳ ತಂಟೆ ಇಲ್ಲದ ‘ಕಮ್’ ಅದು; ಜನಪ್ರಿಯವಾಗಲು ಅದೂ ಒಂದು ಕಾರಣವಿರಬಹುದು.

ತಮಿಳುನಾಡು 1968ರಿಂದ ದ್ವಿಭಾಷಾ ನೀತಿಯ ರಾಜ್ಯ. 2006ರ ತಮಿಳು ಕಲಿಕೆ ಕಾನೂನು ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಎಲ್ಲರಿಗೂ ಕಡ್ಡಾಯ ಮಾಡಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋಗಿ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ವಿನಾಯಿತಿ ಪಡೆದದ್ದೂ ಉಂಟು. ಆ ವಾದ ವಿವಾದ ಇಲ್ಲಿಯ ವಿಷಯವಲ್ಲ. ಅದರಿಂದಾಗಿ ತಾಳವಾಡಿಯ ಕನ್ನಡ ಮಾಧ್ಯಮದ ಮಗುವಿನ ತಲೆಯಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಒಟ್ಟಿಗೆ ಕೂತಿರುತ್ತವೆ ಎಂಬುದು ಮಾತ್ರ ನಮಗೆ ಮುಖ್ಯ.

ಈಗ ಆ ಮೂರನ್ನೂ ಒಂದು ಕ್ರಿಯಾಪದದ ಸುತ್ತ ಕೂರಿಸಿ ನೋಡೋಣ. ದೊಡ್ಡವರ ಕಾಲಿಗೆ ಬೀಳುತ್ತೇವೆ. ತಮಿಳರು ‘ಕಾಲಿಲ್’ ಬೀಳುತ್ತಾರೆ, ಅಂದರೆ ಕಾಲಿನಲ್ಲಿ. ಇಂಗ್ಲಿಷಿನವರು ಬೀಳುವುದು ಅಪರೂಪ. ಬಿದ್ದರೆ ‘ಅಟ್’ ಬೀಳುತ್ತಾರೆ. ನಮಸ್ಕಾರ ಒಂದೇ, ಬೀಳುವ ಮೈ ಒಂದೇ. ಕನ್ನಡ ಅದನ್ನು ಗುರಿಯಾಗಿ ಕಂಡಿತು, ತಮಿಳು ನೆಲೆಯಾಗಿ ಕಂಡಿತು, ಇಂಗ್ಲಿಷ್ ಒಂದು ಬಿಂದುವಾಗಿ ಕಂಡಿತು. ಇನ್ನೊಂದು: ನಾವು ಬಸ್ಸು ಹತ್ತುತ್ತೇವೆ, ಪ್ರತ್ಯಯವೇ ಬೇಡ. ತಮಿಳಿನಲ್ಲಿ ‘ಬಸ್ಸಿಲ್ ಏರು’ ಎನ್ನಬೇಕು. ಇಂಗ್ಲಿಷಿನಲ್ಲಿ ‘ಗೆಟ್ ಆನ್’. ಮೂರನೆಯದು ಕೇಳುವುದು. ‘ಅವನನ್ನು ಕೇಳು’ ಎಂಬ ಕನ್ನಡ, ಪ್ರಿಪೊಸಿಷನ್ ಇಲ್ಲದ ‘ಆಸ್ಕ್ ಹಿಮ್’ಗೆ ಸರಿಯಾಗಿ ಕೂರುತ್ತದೆ. ತಮಿಳಿನ ‘ಅವನಿಡಂ ಕೇಳ್’, ಆಡುಮಾತಿನ ‘ಅವಂಕಿಟ್ಟ ಕೇಳು’, ಕೂರುವುದಿಲ್ಲ. ಹಾಗಾಗಿ ‘ಆಸ್ಕ್ ಟು ಹಿಮ್’ ಎಂಬ ತಪ್ಪಿನ ಕಡೆಗೆ ತಮಿಳು ಎಳೆಯುತ್ತದೆ. ಕನ್ನಡದಲ್ಲಿ ಅದೇ ಎಳೆತ ‘ಅವನಿಗೆ ಕೇಳು’ ಎನ್ನುವವರಿಗೆ ಮಾತ್ರ.

ಇಷ್ಟು ಕಂಡ ಮಗುವಿಗೆ ಒಂದು ಸಂಗತಿ ಹೇಳಿಕೊಡಬೇಕಾಗಿಯೇ ಇಲ್ಲ: ಕ್ರಿಯಾಪದದ ಜೊತೆ ಯಾವ ಪ್ರತ್ಯಯ ಬರಬೇಕೆಂಬುದನ್ನು ಲೋಕ ತೀರ್ಮಾನಿಸುವುದಿಲ್ಲ, ಆ ಭಾಷೆಯ ಆ ಕ್ರಿಯಾಪದ ತೀರ್ಮಾನಿಸುತ್ತದೆ. ಒಂದೇ ಭಾಷೆಯಲ್ಲಿ ಬೆಳೆದ ಮಗು ಇದನ್ನು ನಂಬಲು ಹೆಣಗುತ್ತದೆ. ಎರಡರಲ್ಲಿ ಬೆಳೆದದ್ದು ದಿನಾ ಸಂತೆಯಲ್ಲಿ, ಬಸ್ಸಿನಲ್ಲಿ ಇದನ್ನೇ ಬದುಕುತ್ತಿರುತ್ತದೆ.

ನಮ್ಮ ವ್ಯಾಕರಣಕ್ಕೂ ಇದು ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಹಿಡಿದು ಇಂದಿನ ಶಾಲಾ ವ್ಯಾಕರಣದವರೆಗೆ ವಿಭಕ್ತಿ ಪಲ್ಲಟ ಎಂಬ ಮಾತು ನಡೆದು ಬಂದಿದೆ. ಬೆಟ್ಟವನ್ನು ಹತ್ತಿದನು, ಬೆಟ್ಟಕ್ಕೆ ಹತ್ತಿದನು. ಊರನ್ನು ಸೇರಿದನು, ಊರಿಗೆ ಸೇರಿದನು. ಒಂದರ ಜಾಗದಲ್ಲಿ ಇನ್ನೊಂದು ಬಂದರೂ ಅರ್ಥ ಕೆಡುವುದಿಲ್ಲ ಎನ್ನುತ್ತದೆ ಪಾಠ. ಕೆಡುವ ಕಡೆಗಳ ಬಗ್ಗೆ ಪಾಠ ಅಷ್ಟು ಮಾತಾಡುವುದಿಲ್ಲ, ಅದೇ ಅದರ ಕೊರತೆ. ‘ಈ ಊಟ ನನಗೆ ಆಗುವುದಿಲ್ಲ’ ಎಂಬುದೂ ‘ಈ ಕೆಲಸ ನನ್ನಿಂದ ಆಗುವುದಿಲ್ಲ’ ಎಂಬುದೂ ಪಲ್ಲಟವಲ್ಲ, ಬೇರೆ ಬೇರೆ ಬಾಳು. ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟಿಗೆ ಕನ್ನಡವನ್ನು ತುರುಕಬೇಡಿ ಎಂದು ಡಿ. ಎನ್. ಶಂಕರ ಭಟ್ಟರು ಜೀವಮಾನವಿಡೀ ವಾದಿಸಿದರು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಒಂದನ್ನು ಒಪ್ಪಬಹುದು: ‘ದೆಸೆಯಿಂದ’ ಎಂಬ ಪಂಚಮಿಯನ್ನು ಬಾಯಿಪಾಠ ಮಾಡಿಸುವ ಬದಲು ‘ಇಂದ’ ಯಾವ ಯಾವ ಕ್ರಿಯಾಪದದ ಜೊತೆ ಏನೇನು ಮಾಡುತ್ತದೆ ಎಂದು ನೋಡಿದ್ದರೆ ಮಕ್ಕಳಿಗೆ ಇಂಗ್ಲಿಷೂ ಸಲೀಸಾಗುತ್ತಿತ್ತು.

ಇಂಗ್ಲಿಷಿನ ಕಡೆಯ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಸವೆದುಹೋದಂತೆ ಅವುಗಳ ಕೆಲಸವನ್ನು ಪ್ರಿಪೊಸಿಷನ್ನುಗಳೂ ಪದಗಳ ಕ್ರಮವೂ ವಹಿಸಿಕೊಂಡವು. ವಹಿಸಿಕೊಂಡದ್ದು ಒಂದೇ ದಿನದಲ್ಲಲ್ಲ, ಒಂದೇ ರೀತಿಯಲ್ಲೂ ಅಲ್ಲ. ಷೇಕ್ಸ್‌ಪಿಯರ್ ‘ಜೂಲಿಯಸ್ ಸೀಸರ್’ನಲ್ಲಿ ಆಂಟನಿಯ ಬಾಯಲ್ಲಿ ‘ಲಿಸನ್’ ಅನ್ನು ‘ಟು’ ಇಲ್ಲದೆ ಆಡಿಸಿದ್ದಾನೆ; ನಮ್ಮ ಮಕ್ಕಳು ‘ಲಿಸನ್ ಮ್ಯೂಸಿಕ್’ ಎಂದು ಬರೆದರೆ ಮಾತ್ರ ಅಂಕ ಹೋಗುತ್ತದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ, ಕ್ರಿಯಾಪದಕ್ಕೆ ಚಿಕ್ಕ ಪದ ತಗುಲಿಸಿ ಅರ್ಥ ಬದಲಿಸುವ ಈ ಅಭ್ಯಾಸ ಪರದೇಶಿಯರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಎಂದು ಒಪ್ಪಿಕೊಂಡಿದ್ದ. ಅದಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಪುಸ್ತಕದಲ್ಲಿ. ಇಂದಿಗೂ ಇಂಗ್ಲಿಷಿನವರೇ ಒಮ್ಮತದಲ್ಲಿಲ್ಲ. ಅಮೆರಿಕದವರು ‘ರೈಟ್ ಮಿ’ ಎಂದರೆ ಬ್ರಿಟನ್ನಿನವರಿಗೆ ನಡುವೆ ‘ಟು’ ಬೇಕು. ತೀರ್ಪಿನ ವಿರುದ್ಧ ಪ್ರತಿಭಟಿಸಲು ಬ್ರಿಟನ್ನಿನವರಿಗೆ ‘ಅಗೇನ್‌ಸ್ಟ್’ ಬೇಕು, ಅಮೆರಿಕದವರು ಅದಿಲ್ಲದೆಯೂ ಪ್ರತಿಭಟಿಸುತ್ತಾರೆ.

ಒಂದೇ ಕ್ರಿಯಾಪದವನ್ನು ಹಿಡಿದು ಕೂರುವುದಾದರೆ ‘ಲುಕ್’ ಒಳ್ಳೆಯದು. ‘ಅಟ್’ ಸೇರಿದರೆ ನೋಡುವುದು, ‘ಫಾರ್’ ಸೇರಿದರೆ ಹುಡುಕುವುದು, ‘ಆಫ್ಟರ್’ ಸೇರಿದರೆ ನೋಡಿಕೊಳ್ಳುವುದು, ‘ಇನ್‌ಟು’ ಸೇರಿದರೆ ವಿಚಾರಿಸುವುದು. ಕೊನೆಯದು ನಮ್ಮ ಸರ್ಕಾರಿ ಪತ್ರಗಳ ಮುದ್ದಿನ ಜೋಡಿ. ‘ವಿಷಯವನ್ನು ಲುಕ್ ಇನ್‌ಟು ಮಾಡಲಾಗುವುದು’ ಎಂದು ಬಂದರೆ ಆ ವಿಷಯ ಅಲ್ಲಿಗೆ ಮುಗಿಯಿತೆಂದು ಅರ್ಜಿ ಬರೆದು ಬಲ್ಲವರಿಗೆ ಗೊತ್ತು. ಉಳಿದವುಗಳಲ್ಲಿ ಎಡವಿದರೆ ತಮಾಷೆಯೂ ಇದೆ, ಅಪಾಯವೂ ಇದೆ. ಜೋಳದ ಹೊಲಕ್ಕೆ ನುಗ್ಗಿದ ಆನೆಯನ್ನು ಅರಣ್ಯ ಇಲಾಖೆಯವರು ‘ಲುಕಿಂಗ್ ಫಾರ್’ ಎಂದರೆ ಹುಡುಕುತ್ತಿದ್ದಾರೆ. ‘ಲುಕಿಂಗ್ ಆಫ್ಟರ್’ ಎಂದರೆ ಸಾಕುತ್ತಿದ್ದಾರೆ. ಬೆಳೆ ಕಳೆದುಕೊಂಡ ರೈತ ಎರಡನೆಯದೇ ನಿಜ ಎಂದರೂ ಎನ್ನಬಹುದು.

ಕನ್ನಡ ಈ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತದೆ, ಆ ದಾರಿ ಮಾತ್ರ ತುಂಬ ಚೆನ್ನಾಗಿದೆ. ನಮ್ಮಲ್ಲಿ ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಕೂರುತ್ತದೆ. ನೋಡು, ನೋಡಿಕೊ. ಚಾಮರಾಜನಗರ ಸೀಮೆಯ ಬಾಯಲ್ಲಿ ‘ಮಗೀನ ನೋಡ್ಕ ಕಣವ್ವ’. ಆ ‘ಕೊ’ ಅಥವಾ ‘ಕ’ ಇಂಗ್ಲಿಷಿನ ‘ಆಫ್ಟರ್’ ಹೊರುವ ಹೊರೆಯನ್ನೇ ಹೊತ್ತಿದೆ. ತಿಂದುಬಿಡು ಎಂಬಲ್ಲಿಯ ‘ಬಿಡು’, ‘ಈಟ್ ಅಪ್’ನ ‘ಅಪ್’. ಕಡಿದುಹಾಕು ಎಂಬಲ್ಲಿಯ ‘ಹಾಕು’, ‘ಕಟ್ ಡೌನ್’ನ ‘ಡೌನ್’. ಎತ್ತಿಕೊ ಎಂಬುದು ‘ಪಿಕ್ ಅಪ್’. ಬಿಟ್ಟುಬಿಡು, ಹೊರಟುಹೋಗು, ಮರೆತುಬಿಡು: ಎಲ್ಲೂ ಎರಡನೆಯ ಕ್ರಿಯಾಪದಕ್ಕೆ ಸ್ವಂತ ಅರ್ಥ ಉಳಿದಿಲ್ಲ, ಮೊದಲನೆಯದಕ್ಕೆ ಒಂದು ಬಣ್ಣ ಕೊಟ್ಟು ಸುಮ್ಮನಾಗುತ್ತದೆ. ಇಂಗ್ಲಿಷಿನ ‘ಅಪ್’ಗೂ ಮೇಲಕ್ಕೂ ಏನು ಸಂಬಂಧ ಎಂದು ಕೊರಗುವ ವಿದ್ಯಾರ್ಥಿಗೆ, ‘ತಿಂದುಬಿಡು’ ಎಂದಾಗ ನೀನು ಏನನ್ನು ಬಿಡುತ್ತೀಯ ಎಂದು ಕೇಳಿ ನೋಡಿ. ಅರ್ಥವಾಗುತ್ತದೆ. ಕೆಲವೆಡೆ ಮೂರೂ ಭಾಷೆಗಳು ಅಚ್ಚರಿ ಹುಟ್ಟಿಸುವಷ್ಟು ಹತ್ತಿರ ಬರುತ್ತವೆ: ‘ಲುಕ್ ಫಾರ್ವರ್ಡ್ ಟು’ ಎಂಬುದಕ್ಕೆ ಕನ್ನಡದಲ್ಲಿ ಎದುರುನೋಡು, ತಮಿಳಿನಲ್ಲಿ ‘ಎದಿರ್‌ಪಾರ್’. ಮುಂದೆ ಬರುವುದನ್ನು ಕಣ್ಣಿಟ್ಟು ಕಾಯುವ ಭಾವಕ್ಕೆ ಮೂರೂ ಕಡೆ ನೋಟವೇ ಒದಗಿದೆ.

‘ಕೇಳು’ ಇದಕ್ಕೆ ತಿರುಗುಮುರುಗು. ಕನ್ನಡದಲ್ಲೂ ತಮಿಳಿನಲ್ಲೂ ಅದೊಂದೇ ಪದ ಐದಾರು ಕೆಲಸ ಮಾಡುತ್ತದೆ. ಸದ್ದು ಕೇಳಿತು, ಹಾಡು ಕೇಳಿದೆ, ಪ್ರಶ್ನೆ ಕೇಳಿದೆ, ಸಾಲ ಕೇಳಿದೆ, ಅಪ್ಪನ ಮಾತು ಕೇಳಿದೆ. ಇಂಗ್ಲಿಷ್ ಇವಕ್ಕೆ ‘ಹಿಯರ್’, ‘ಲಿಸನ್ ಟು’, ‘ಆಸ್ಕ್’, ‘ಆಸ್ಕ್ ಫಾರ್’ ಎಂದು ಹಂಚಿಕೊಟ್ಟಿದೆ. ‘ಆಸ್ಕ್ಡ್ ಹೆಲ್ಪ್’, ‘ಆಸ್ಕ್ಡ್ ವಾಟರ್’ ಎಂದು ಮಕ್ಕಳು ಬರೆಯುವುದು ಅಜಾಗರೂಕತೆಯಿಂದಲ್ಲ. ನೀರು ಕೇಳುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ನಮ್ಮಲ್ಲಿ ಪ್ರತ್ಯಯದ ವ್ಯತ್ಯಾಸವೇ ಇಲ್ಲ. ಬೇಕಾದ ವಸ್ತುವಿಗೆ ‘ಫಾರ್’, ತಿಳಿಯಬೇಕಾದ ಮಾತಿಗೆ ಏನೂ ಇಲ್ಲ. ಇಷ್ಟನ್ನು ಒಂದು ಸಲ ಹೇಳಿದರೆ ಸಾಕು, ಆರು ವರ್ಷ ಕೆಂಪು ಶಾಯಿ ಸುರಿಯಬೇಕಾಗಿಲ್ಲ.

ಹೀಗೆ ಜೋಡಿಸಿ ತೋರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದೇನಲ್ಲ. ನಿಜವಾದ ಗಂಟು ಇರುವುದು ಬೇರೆ ಕಡೆ, ಅದರ ಮಾತು ವ್ಯಾಕರಣದ ಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಕನ್ನಡದಲ್ಲಿ ಪ್ರತ್ಯಯ ನಾಮಪದದ ಆಸ್ತಿ. ನಾಮಪದ ಜಾಗ ಬದಲಿಸಿದರೆ ಪ್ರತ್ಯಯ ಕಳಚಿಬೀಳುತ್ತದೆ. ‘ಬಸ್ಸಿಗೆ ಕಾಯುತ್ತಿದ್ದೆ’ ಎಂಬುದನ್ನು ತಿರುಗಿಸಿ ಹೇಳಿ: ‘ನಾನು ಕಾಯುತ್ತಿದ್ದ ಬಸ್ಸು’. ‘ಗೆ’ ಎಲ್ಲಿ ಹೋಯಿತು? ಯಾರೂ ಅದರ ಗೈರುಹಾಜರಿಯನ್ನು ಗಮನಿಸುವುದಿಲ್ಲ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಕ್ರಿಯಾಪದದ ಕಡೆ ವಾಲಿದೆ. ನಾಮಪದ ಮುಂದಕ್ಕೆ ಓಡಿದರೂ ಅದು ಕ್ರಿಯಾಪದದ ಪಕ್ಕದಲ್ಲೇ ನಿಲ್ಲುತ್ತದೆ. ‘ದ ಬಸ್ ಐ ವಾಸ್ ವೇಟಿಂಗ್ ಫಾರ್’. ಆ ಕಡೆಯ ‘ಫಾರ್’ ನಮ್ಮ ಕಿವಿಗೆ ಹೊರಗೆ ಚಾಚಿಕೊಂಡಂತೆ ಕೇಳುತ್ತದೆ, ಬಿಟ್ಟುಬಿಡುತ್ತೇವೆ. ಕರ್ಮಣಿಯಲ್ಲೂ ಇದೇ ಪಾಡು: ಅಜ್ಜಿ ನೋಡಿಕೊಂಡ ಮಗು ‘ಲುಕ್ಡ್ ಆಫ್ಟರ್ ಬೈ’ ಆಗಬೇಕು, ಎರಡು ಪ್ರಿಪೊಸಿಷನ್ ಒಟ್ಟೊಟ್ಟಿಗೆ ಬಂದದ್ದು ಕಂಡು ಮಗು ಒಂದನ್ನು ಹೊಡೆದುಹಾಕುತ್ತದೆ. ಸರಳ ವಾಕ್ಯದಲ್ಲಿ ‘ವೇಟ್ ಫಾರ್’ ಸರಿಯಾಗಿ ಬರೆದ ವಿದ್ಯಾರ್ಥಿಯೂ ಮಿಶ್ರ ವಾಕ್ಯದಲ್ಲಿ ಎಡವುವುದು ಇದಕ್ಕೇ. ಇಂಗ್ಲಿಷಿನವರಿಗೂ ಈ ಬಾಲ ಒಂದು ಕಾಲಕ್ಕೆ ಮುಜುಗರ ತಂದಿತ್ತು. 1672ರಲ್ಲಿ ಡ್ರೈಡನ್, ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬಿಟ್ಟದ್ದಕ್ಕೆ ಬೆನ್ ಜಾನ್ಸನ್‌ನಲ್ಲಿ ತಪ್ಪು ಹುಡುಕಿದ. ಅಲ್ಲಿಂದ ಮುಂದೆ ಎಷ್ಟೋ ತಲೆಮಾರಿನ ಶಾಲಾ ಮಾಸ್ತರರು ಅದನ್ನೇ ಶಾಸನ ಮಾಡಿಕೊಂಡರು. ಭಾಷೆ ಮಾತ್ರ ಅವರ ಮಾತು ಕೇಳಲಿಲ್ಲ.

ಹಾಗಾದರೆ ಎಲ್ಲ ತಪ್ಪುಗಳನ್ನೂ ತಿದ್ದಬೇಕೇ? ಇಲ್ಲಿ ನನ್ನದು ಸ್ವಲ್ಪ ಸಡಿಲ ನಿಲುವು. ‘ಡಿಸ್ಕಸ್ ಅಬೌಟ್’ ಎಂಬುದು ‘ಅದರ ಬಗ್ಗೆ ಚರ್ಚಿಸು’ ಎಂಬುದರ ನೆರಳು. ‘ರೀಚ್ ಟು’, ‘ಊರಿಗೆ ತಲುಪು’ ಎಂಬುದರದು. ‘ಮ್ಯಾರೀಡ್ ವಿತ್’, ‘ಅವಳ ಜೊತೆ ಮದುವೆ’ಯದು. ಭಾರತದ ಉದ್ದಗಲಕ್ಕೂ ಇವು ಓಡಾಡುತ್ತಿವೆ, ಯಾರಿಗೂ ಅರ್ಥ ತಪ್ಪಿದ್ದಿಲ್ಲ. ನಿಹಾಲಾನಿ, ಟಂಗ್, ಹೊಸಾಲಿ ಮೂವರೂ ಸೇರಿ 1979ರಲ್ಲೇ ಭಾರತೀಯ ಮತ್ತು ಬ್ರಿಟಿಷ್ ಪ್ರಯೋಗಗಳನ್ನು ಎದುರುಬದುರು ಇಟ್ಟು ಕೈಪಿಡಿ ತಂದರು, ಕೊಲ್ಹಾಪುರದಲ್ಲಿ ಎಸ್. ವಿ. ಶಾಸ್ತ್ರಿಯವರು 1978ರ ಭಾರತೀಯ ಇಂಗ್ಲಿಷ್ ಬರಹದಿಂದ ಹತ್ತು ಲಕ್ಷ ಪದಗಳ ಸಂಗ್ರಹ ಕಟ್ಟಿದರು. ನಮ್ಮ ಇಂಗ್ಲಿಷನ್ನು ತಪ್ಪಿನ ಪಟ್ಟಿಯಾಗಿ ನೋಡದೆ ಒಂದು ಬಳಕೆಯಾಗಿ ನೋಡುವ ದಾರಿ ಹಾಗೆ ತೆರೆಯಿತು. ‘ಡಿಸ್ಕಸ್ ಅಬೌಟ್’ಗೆ ಅಂಕ ಕಳೆಯುವುದು ಪರೀಕ್ಷೆಯ ಅನಿವಾರ್ಯ, ಕಳೆಯಲಿ. ಆದರೆ ಮೇಷ್ಟರ ಶಕ್ತಿ ಅಲ್ಲಿ ಖರ್ಚಾಗಬಾರದು. ಹುಡುಕುವುದಕ್ಕೂ ಸಾಕುವುದಕ್ಕೂ ವ್ಯತ್ಯಾಸ ಮಾಡುವ ಪ್ರಿಪೊಸಿಷನ್ನಿನ ಮೇಲೆ ಖರ್ಚಾಗಬೇಕು.

ಕಲಿಸುವ ವಿಧಾನದ ಇತಿಹಾಸ ಉದ್ದವಿದೆ, ಎರಡು ಮಾತು ಸಾಕು. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಲ್ಲಿ ಯಾವ ಪದದ ಮುಂದೆ ಯಾವ ಪ್ರಿಪೊಸಿಷನ್ ಎಂಬ ಪಟ್ಟಿ ಇದೆ. ನಮ್ಮ ಅಪ್ಪಂದಿರು ಅದನ್ನು ಮಗ್ಗಿಯಂತೆ ಒಪ್ಪಿಸಿದರು. ಖಾಲಿ ಜಾಗ ತುಂಬಿಸುವ ಒಂದು ಅಂಕದ ಪ್ರಶ್ನೆ ಅದರ ವಂಶದ್ದೇ. ಅದಕ್ಕೆ ಎದುರಾಗಿ ನಮ್ಮ ನೆರೆಯಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನೇ ಬದಿಗಿಟ್ಟು, ರೈಲ್ವೆ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು ಮುಂತಾದ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿ ನೋಡಿದರು. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರ ಅವರ ಪುಸ್ತಕ ಜಗತ್ತಿನ ಭಾಷಾಬೋಧಕರೆಲ್ಲ ಓದುವಂಥದ್ದಾಯಿತು. ವಿಧಾನ ಸರಿಯೇ. ಆದರೆ ಪ್ರಿಪೊಸಿಷನ್ನಿನ ವಿಷಯದಲ್ಲಿ ಅದೊಂದನ್ನೇ ನೆಚ್ಚುವಂತಿಲ್ಲ ಎಂದು ನನಗೆ ತೋರುತ್ತದೆ. ಇಂಗ್ಲಿಷ್ ಬೇಕಾದಷ್ಟು ಕಿವಿಗೆ ಬೀಳುವ ಕಡೆ ಅದು ತಾನಾಗಿ ಇಳಿಯುತ್ತದೆ. ಹಾಸನೂರು, ತಲಮಲೈ ಕಡೆಯ ಮಗುವಿಗೆ ಇಂಗ್ಲಿಷ್ ಕೇಳಿಸುವುದು ಬಹುಪಾಲು ಮೇಷ್ಟರ ಬಾಯಿಂದ, ಅದೂ ಒಂದು ಪೀರಿಯಡ್ಡಿನಲ್ಲಿ. ಅಂಥಲ್ಲಿ ಎರಡು ಮನೆಮಾತುಗಳ ಜೊತೆ ಹೋಲಿಸಿ ತೋರಿಸುವುದೇ ಹತ್ತಿರದ ದಾರಿ.

ನಿಘಂಟುಗಳು ಈ ಹೋಲಿಕೆಗೆ ಒದಗಬೇಕಿತ್ತು. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಹೇಳುತ್ತಿದ್ದಾಗ ರೂಪಿಸಿದ, 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ, ಮುಂದೆ ಆಕ್ಸ್‌ಫರ್ಡ್‌ನ ಹೆಸರಲ್ಲಿ ಲೋಕಪ್ರಸಿದ್ಧವಾದ ನಿಘಂಟು, ಕ್ರಿಯಾಪದ ಕೊಟ್ಟಲ್ಲೆಲ್ಲ ಅದರ ಹಿಂದೆ ಏನು ಬರುತ್ತದೆ ಎಂಬುದನ್ನೂ ಕೊಟ್ಟಿತು. 1987ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ತಂಡದ ಕೋಬಿಲ್ಡ್, ಇದನ್ನು ಜನ ನಿಜವಾಗಿ ಬರೆದ ಲಕ್ಷಾಂತರ ವಾಕ್ಯಗಳಿಂದ ಹೆಕ್ಕಿ ತೋರಿಸಿತು. ನಮ್ಮ ನಿಘಂಟುಗಳು ಹೆಚ್ಚಾಗಿ ಅರ್ಥ ಹೇಳಿ ನಿಲ್ಲುತ್ತವೆ. ‘ಕಾಯು’ ಎಂಬ ಪದಕ್ಕೆ ರಕ್ಷಿಸು, ನಿರೀಕ್ಷಿಸು, ಬಿಸಿಯಾಗು ಎಂದು ಬರೆದು, ಯಾವುದಕ್ಕೆ ‘ಅನ್ನು’, ಯಾವುದಕ್ಕೆ ‘ಗೆ’ ಎಂಬುದನ್ನು ಓದುಗನ ಅಭ್ಯಾಸಕ್ಕೆ ಬಿಡುತ್ತವೆ. ಕನ್ನಡಿಗನಿಗೆ ಅದು ಬೇಡ, ನಿಜ. ಆದರೆ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೂರು ಕ್ರಿಯಾಪದಗಳ ಒಂದು ತೆಳು ಪುಸ್ತಿಕೆ ಮಾಡಹೊರಟರೆ ಅದು ಬೇಕಾಗುತ್ತದೆ. ಅಂಥ ಪುಸ್ತಿಕೆ ಮಾಡಬಲ್ಲವರು ಗಡಿ ಶಾಲೆಗಳ ಮೇಷ್ಟರುಗಳೇ. ಮೂರೂ ಭಾಷೆಯ ತಪ್ಪುಗಳು ದಿನಾ ಅವರ ಮೇಜಿಗೆ ಬರುತ್ತವೆ.

ಅದರಲ್ಲಿ ಕೆಲವು ಪುಟಗಳು ಮನೆಮಾತುಗಳ ನೆರವಿಲ್ಲದೆಯೇ ತುಂಬಬೇಕಾಗುತ್ತದೆ. ‘ಗೆಟ್’ ಅಂಥದ್ದು. ಕನ್ನಡಿಗರು ಬಸ್ಸನ್ನೂ ಕಾರನ್ನೂ ಒಂದೇ ಸಮ ಹತ್ತುತ್ತಾರೆ, ತಮಿಳರೂ ಒಂದೇ ಸಮ ಏರುತ್ತಾರೆ. ಇಂಗ್ಲಿಷಿನವರು ಬಸ್ಸಿಗೆ ‘ಗೆಟ್ ಆನ್’, ಇಳಿಯುವಾಗ ‘ಗೆಟ್ ಆಫ್’. ಕಾರಿಗೆ ‘ಗೆಟ್ ಇನ್‌ಟು’, ಇಳಿಯುವಾಗ ‘ಗೆಟ್ ಔಟ್ ಆಫ್’. ಒಳಗೆ ನಿಂತು ಓಡಾಡಬಹುದಾದ ಗಾಡಿ, ಇಲ್ಲವೇ ಮೇಲೆ ಕಾಲು ಹಾಕಿ ಕೂರುವ ಗಾಡಿಯಾದರೆ ‘ಆನ್’. ಮೈ ಬಗ್ಗಿಸಿ ಒಳಗೆ ತೂರಿ ಕೂರಬೇಕಾದದ್ದಾದರೆ ‘ಇನ್‌ಟು’. ತಾಳವಾಡಿಯ ರಸ್ತೆಯಲ್ಲೇ ಇದರ ಪಾಠ ಮುಗಿಸಬಹುದು: ಚಾಮರಾಜನಗರದ ಬ‌ಸ್ಸಿಗೆ ‘ಆನ್’, ಮೊಪೆಡ್ಡಿಗೂ ‘ಆನ್’, ಜೀಪಿಗೆ ‘ಇನ್‌ಟು’. ಇನ್ನು ಕೋಸು ತುಂಬಿಕೊಂಡು ಮಾರುಕಟ್ಟೆಗೆ ಹೊರಟ ಲಾರಿಗೆ ಎರಡೂ ಸಲ್ಲುತ್ತವೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಜಾಗ ಸಿಕ್ಕಿದವರಿಗೆ ‘ಇನ್‌ಟು’, ಮೂಟೆಗಳ ಮೇಲೆ ಹತ್ತಿ ಕೂತವರಿಗೆ ‘ಆನ್’.